ಬೇಟೆಗಾರ ಕೆನೆತ್ ಆಂಡರ್ಸನ್
ಆರೆ ಕಾಲೊನಿಯ ಚಿರತೆಗಳಿಗೆ ನೆರೆಯವರಾದ ಗೋರೆಗಾಂವ್‌ನ ನಾವು ಕೆನೆತ್ ಆಂಡರ್ಸನ್‌ರನ್ನು ಬಲ್ಲುದು ತೇಜಸ್ವಿಯವರ ‘ಕಾಡಿನ ಕಥೆಗಳು’ ಮಾಲಿಕೆಯಿಂದ. 1910ರಲ್ಲಿ ಜನಿಸಿದ ಅವರು ಬೆಂಗಳೂರಿನಲ್ಲಿ ನೆಲೆಸಿ, ಅಲ್ಲಿನ ವಿಮಾನ ಕಾರ್ಖಾನೆಯಲ್ಲಿ ಉದ್ಯೋಗದಲ್ಲಿದ್ದರು.

ಅವರ ನೆಚ್ಚಿನ ಕೋವಿ .405 ವಿಂಚೆಸ್ಟರ್. ಅದರ ಗುಂಡಿನ ತೂಕ ಸುಮಾರು 19 ಗ್ರಾಂ, ಮೂತಿ ಮೊಂಡು. ಸಮೀಪದಲ್ಲಿ ಹುಲಿಯನ್ನು ಕೆಡಹಬಲ್ಲ ಈ ಗುಂಡು, ದೂರ ಹೆಚ್ಚಿದಂತೆ ಗಾಳಿಯ ತಡೆಗೆ ಸಿಕ್ಕಿ ವೇಗ ಕಳೆದುಕೊಂಡು ಕೆಳಕ್ಕೆ ಬಾಗುತ್ತದೆ. ಗಾಯಗೊಂಡು ಬದುಕುಳಿದ ಹುಲಿ ಸಹಜ ಬೇಟೆಗೆ ಅಶಕ್ತವಾಗಿ ನರಭಕ್ಷಕವಾಗುವುದುಂಟು. ಅದಕ್ಕೆ ಬಲಿಯಾಗುವವರು ದನಗಾಹಿಗಳು, ಸೌದೆ ಆಯುವ ಹೆಂಗಸರು. ಆಂಡರ್ಸನ್ ಮಚಾನಿನ ಮೇಲೆ ರಾತ್ರಿಗಳನ್ನು ಕಳೆದು, ಹತ್ತಿರದ ಗುರಿಗಾಗಿ ಕಾದವರು.

ಮುಂದೆ ವನ್ಯಜೀವಿ ರಕ್ಷಣೆಯ ಪರವಾಗಿ ನಿಂತ ಅವರು 1974ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಅವರ ತಾಳ್ಮೆಯನ್ನು ನಾವು ಗೌರವದಿಂದ ಸ್ಮರಿಸುತ್ತೇವೆ.