ನಂಬರ್ ಪುಸ್ತಕದ ಜಾನ್ ಪೋಸ್ಟೆಲ್

ಕೋಲಾರದ ಪಿನ್ ಕೋಡ್ 563101, ಮಾಲೂರಿನದು 563130, ಮುಳಬಾಗಿಲಿನದು 563131, ಶ್ರೀನಿವಾಸಪುರದ್ದು 563135. ನಾಲ್ಕಕ್ಕೂ ಮುಂದೆ 563. ದಿಲ್ಲಿಯಲ್ಲಿ ಕಾಗದ ವಿಂಗಡಿಸೋರಿಗೆ ಮುಳಬಾಗಿಲು ಎಲ್ಲಿದೆ ಅಂತ ಗೊತ್ತಿರಬೇಕಿಲ್ಲ, ಮೊದಲ ಅಂಕಿಗಳು ಸಾಕು. ಇಂಟರ್ನೆಟ್ಟಿನ ರೂಟರ್ ಮಾಡೋದೂ ಹೆಚ್ಚುಕಡಿಮೆ ಇದನ್ನೇ. ಅಲ್ಲಿನ ನಂಬರುಗಳ ಲೆಕ್ಕವನ್ನು ದಶಕಗಳ ಕಾಲ ನೋಡಿಕೊಂಡವರು ಜಾನ್ ಪೋಸ್ಟೆಲ್. ಪರೀಕ್ಷೆಗೆ ನಾವು ಐಪಿ ಹೆಡರ್ ಚಿತ್ರ ಬಾಯಿಪಾಠ ಮಾಡ್ತೀವಲ್ಲ, ಅದಿರುವ ಕಡತದ ಸಂಪಾದಕರೂ ಇವರೇ.

ಪೋಸ್ಟೆಲ್ ಹುಟ್ಟಿದ್ದು 1943ರ ಆಗಸ್ಟ್ 6ರಂದು, ಕ್ಯಾಲಿಫೋರ್ನಿಯಾದ ಆಲ್ಟಡೀನಾದಲ್ಲಿ. ಓದಿದ್ದು ಲಾಸ್ ಏಂಜಲಿಸ್‌ನ ಯುಸಿಎಲ್‌ಎಯಲ್ಲಿ. 1969ರಲ್ಲಿ ಅರ್ಪಾನೆಟ್ ಶುರುವಾದಾಗ ಅವರು ಅಲ್ಲಿನ ಲ್ಯಾಬಿನಲ್ಲಿದ್ದ ವಿದ್ಯಾರ್ಥಿ. ಯಾವ ನಂಬರ್ ಯಾರಿಗೆ ಕೊಟ್ಟಾಯ್ತು ಅಂತ ಯಾರಾದರೂ ಬರೆದಿಡಬೇಕಿತ್ತು. ಬೇರೆಯವರಿಗೆ ಬೇಜಾರು ಹಿಡಿಸುವ ಆ ಕೆಲಸವನ್ನು ಪೋಸ್ಟೆಲ್ ಹಿಡಿದುಕೊಂಡರು, ಸಾಯುವ ತನಕ ಬಿಡಲಿಲ್ಲ. ಆರ್‌ಎಫ್‌ಸಿ ಎಂಬ ತಾಂತ್ರಿಕ ಟಿಪ್ಪಣಿಗಳ ಸಂಪಾದಕರೂ ಅವರೇ. ಉದ್ದ ಗಡ್ಡ, ಕಾಲಿಗೆ ಚಪ್ಪಲಿ, ಮಾತು ಕಮ್ಮಿ.

1977ರಲ್ಲಿ ಅವರು ತೆಗೆದ ಒಂದು ತಕರಾರು ನಮಗೆ ಬಹಳ ಮುಖ್ಯ ಅನ್ನಿಸುತ್ತೆ. ಆಗ ಟಿಸಿಪಿ ಒಂದೇ ಮುದ್ದೆಯಾಗಿತ್ತು: ದಾರಿ ಹುಡುಕೋದೂ ಅದೇ, ಡೇಟಾ ಪೂರ್ತಿ ತಲುಪಿತಾ ಅಂತ ನೋಡೋದೂ ಅದೇ. ಎರಡನ್ನೂ ಬೇರೆ ಪದರ ಮಾಡಬೇಕು ಅಂತ ಪೋಸ್ಟೆಲ್ ವಾದಿಸಿದರು. ಮುಂದೆ ಹಾಗೇ ಆಯಿತು, ಐಪಿ ಪ್ರತ್ಯೇಕವಾಯಿತು. 1981ರ ಸೆಪ್ಟೆಂಬರ್‌ನಲ್ಲಿ ಅವರ ಸಂಪಾದಕತ್ವದಲ್ಲಿ ಬಂದ ಆರ್‌ಎಫ್‌ಸಿ 791ರಲ್ಲಿ ವಿಳಾಸಕ್ಕೆ 32 ಬಿಟ್ ಇತ್ತು. ಅಂದರೆ ಸುಮಾರು 429 ಕೋಟಿ ವಿಳಾಸ. ನೆಟ್‌ವರ್ಕ್‌ನಲ್ಲಿ ಕೆಲವೇ ನೂರು ಯಂತ್ರಗಳಿದ್ದ ಕಾಲದಲ್ಲಿ ಯಾರಿಗೂ ಅದು ಕಮ್ಮಿ ಅನ್ನಿಸೋ ಹಾಗಿರಲಿಲ್ಲ. ಹಳೇ ವ್ಯವಸ್ಥೆಯಿಂದ ಇದಕ್ಕೆ ಬದಲಾಗುವ ಯೋಜನೆ ಬರೆದವರೂ ಪೋಸ್ಟೆಲ್ಲೇ, ಗಡುವು 1983ರ ಜನವರಿ 1.

ತೊಂಬತ್ತರ ದಶಕದಲ್ಲಿ ಜಾಗ ಸಾಲದು ಅನ್ನೋದು ಕಾಣತೊಡಗಿತು. 1995ರ ಡಿಸೆಂಬರ್‌ನಲ್ಲಿ ಐಪಿವಿ6ರ ಮೊದಲ ನಿರೂಪಣೆ ಬಂತು. ವಿಳಾಸ 128 ಬಿಟ್, ಲೆಕ್ಕ ಹಾಕಿದರೆ 340ರ ಮುಂದೆ 36 ಸೊನ್ನೆಯಷ್ಟು. ಜಾಗ ಧಾರಾಳ ಇರೋದ್ರಿಂದ 563ರ ಥರ ಒಂದು ಕಡೆಯದ್ದೆಲ್ಲ ಒಂದೇ ತಲೆಭಾಗದಡಿ ಹಂಚಬಹುದು, ರೂಟರ್‌ನ ಪಟ್ಟಿ ಚಿಕ್ಕದಾಗುತ್ತೆ. ಐಪಿವಿ4 ಹೆಡರ್‌ನಲ್ಲಿ ಪ್ರತಿ ರೂಟರೂ ಚೆಕ್‌ಸಮ್ ಮತ್ತೆ ಲೆಕ್ಕ ಹಾಕಬೇಕಿತ್ತು. ಹೊಸದರಲ್ಲಿ ಅದನ್ನು ಕಿತ್ತೇ ಹಾಕಿದರು, ಹೆಡರ್ ಯಾವಾಗಲೂ 40 ಬೈಟ್. ಹಾಸ್ಟೆಲ್ಲಿನ ಅಷ್ಟೂ ಫೋನುಗಳು ನ್ಯಾಟ್ ಹಿಂದೆ ಒಂದೇ ವಿಳಾಸ ಹಂಚಿಕೊಳ್ಳುವ ಪಾಡೂ ಬೇಡ. ಇಷ್ಟಾದರೂ ಮೇಲಿನ ಟಿಸಿಪಿಯನ್ನು ಹೊಸದಾಗಿ ಬರೆಯಬೇಕಾಗಲಿಲ್ಲ. 1977ರ ತಕರಾರಿಗೆ ಬಂದ ಬಡ್ಡಿ ಅದು.

ಒಬ್ಬರ ಕೈಯಲ್ಲಿ ಇಷ್ಟೆಲ್ಲ ಇರಬಹುದಾ? 1998ರ ಜನವರಿಯಲ್ಲಿ ಈ ಪ್ರಶ್ನೆ ಎದ್ದು ನಿಂತಿತು. ಹೆಸರುಗಳ ಮೂಲಪಟ್ಟಿಯನ್ನು ತಮ್ಮ ಸಂಸ್ಥೆಯ ಸರ್ವರ್‌ನಿಂದ ತಗೊಳ್ಳಿ ಅಂತ ಪೋಸ್ಟೆಲ್ 8 ರೂಟ್ ಸರ್ವರ್‌ಗಳ ನಿರ್ವಾಹಕರಿಗೆ ಇಮೇಲ್ ಕಳಿಸಿದರು. ಅವರು ಕೇಳಿದ್ದೂ ಆಯಿತು! ಅಮೆರಿಕ ಸರ್ಕಾರ ಸಿಟ್ಟಾದಾಗ ಪರೀಕ್ಷೆ ಮಾಡಿದ್ದು ಅಂತ ಹೇಳಿ ಹಿಂದಕ್ಕೆ ತಗೊಂಡರು. ಹುದ್ದೆಯ ಬಲದಿಂದಲ್ಲ, ನಂಬಿಕೆಯ ಮೇಲೆ ಎಂಟು ಜನ ಮಾತು ಕೇಳಿದರು ಅನ್ನೋದು ನಮಗೆ ಬೆರಗು. ಸರ್ಕಾರಕ್ಕೆ ಹೆದರಿಕೆಯಾದದ್ದೂ ಅರ್ಥವಾಗುತ್ತೆ.

ಅದೇ ವರ್ಷ ಅಕ್ಟೋಬರ್ 16ರಂದು, ಹೃದಯದ ಶಸ್ತ್ರಚಿಕಿತ್ಸೆಯ ನಂತರದ ತೊಂದರೆಯಿಂದ ಪೋಸ್ಟೆಲ್ ತೀರಿಕೊಂಡರು. 55 ವರ್ಷ. ಅವರ ಕೆಲಸ ಆಗತಾನೆ ಹುಟ್ಟಿದ್ದ ಐಕ್ಯಾನ್ ಸಂಸ್ಥೆಗೆ ಹೋಯಿತು. ಐಪಿವಿ6ರ ತಿದ್ದಿದ ನಿರೂಪಣೆ, ಆರ್‌ಎಫ್‌ಸಿ 2460, ಡಿಸೆಂಬರ್‌ನಲ್ಲಿ ಹೊರಬಂತು. ಪೋಸ್ಟೆಲ್ ಶುರು ಮಾಡಿದ ಪುಸ್ತಕದಲ್ಲಿ ಉಳಿದಿದ್ದ ಐಪಿವಿ4ರ ಕೊನೆಯ 5 ದೊಡ್ಡ ತುಂಡುಗಳು 2011ರ ಫೆಬ್ರವರಿ 3ರಂದು ಹಂಚಿಹೋದವು.