ಪಂಚಾಕ್ಷರಿ ಗವಾಯಿಗಳು

ಕಣ್ಣು ಕಾಣದ ಮಗುವನ್ನು ಶಾಲೆಗೆ ಸೇರಿಸಲು ಹಿಂಜರಿಯುವ ನಮ್ಮ ಮೇಲುಕೋಟೆಯ ಪೋಷಕರಿಗೆ ನಾನು ಪಂಚಾಕ್ಷರಿ ಗವಾಯಿಗಳ ಜೀವನ ಹೇಳುತ್ತೇನೆ. 1892ರಲ್ಲಿ ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟು ಕುರುಡರಾಗಿ ಜನಿಸಿದರು. ಹಾನಗಲ್ಲ ಕುಮಾರಸ್ವಾಮಿಗಳು ಕಂಠ ಗುರುತಿಸಿ ಆಸರೆಯಾದರು. ಕರ್ನಾಟಕ ಸಂಗೀತ ಕಲಿಯಲು ನಮ್ಮ ಮೈಸೂರಿಗೇ ಬಂದಿದ್ದರು, ಹಿಂದೂಸ್ತಾನಿಯನ್ನೂ ಕಲಿತರು.

ಆಮೇಲೆ ಅಂಧ ಮಕ್ಕಳನ್ನು ಸೇರಿಸಿಕೊಂಡು ಊಟ, ವಸತಿ ಕೊಟ್ಟು ಕಲಿಸಿದರು. ಕೇಳಿ ಕಲಿಯುವ ಮಕ್ಕಳಿಗೆ ಪುಸ್ತಕವಿಲ್ಲದಿದ್ದರೂ ನಡೆದೀತು, ಅನ್ನ ಬೇಕಲ್ಲ! ಅದಕ್ಕೆಂದೇ ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮ ಬೆಳೆದದ್ದು ಹೀಗೆ. ಅಂಧ ಪುಟ್ಟರಾಜರಿಗೂ ಕಣ್ಣಿದ್ದ ಬಸವರಾಜ ರಾಜಗುರುಗಳಿಗೂ ಅವರೇ ಗುರು. ನನಗೆ ಹೆಚ್ಚು ಹಿಡಿಸುವ ಸಂಗತಿ ಇದೇ. 1944ರಲ್ಲಿ ಅವರು ತೀರಿಕೊಂಡ ಮೇಲೆ ಆಶ್ರಮದ ಭಾರ ಹೊತ್ತವರು ಪುಟ್ಟರಾಜರು.