ಸೆಲ್ಬೋರ್ನ್‌ನ ಗಿಲ್ಬರ್ಟ್ ವೈಟ್

ಪರಿಸರ ಅಧ್ಯಯನದ ಬೋಧನಾ ಪದ್ಧತಿಯಲ್ಲಿ ಅವಲೋಕನ ಎಂಬ ಮಾತು ಬಂದಾಗಲೆಲ್ಲ ನಾನು ಪ್ರಶಿಕ್ಷಣಾರ್ಥಿಗಳಿಗೆ ಗಿಲ್ಬರ್ಟ್ ವೈಟ್ ಅವರ ಹೆಸರು ಹೇಳುವುದುಂಟು. ಹದಿನೆಂಟನೆಯ ಶತಮಾನದ ಈ ಇಂಗ್ಲಿಷ್ ಪಾದ್ರಿ ಹೊಸ ದೇಶ ಹುಡುಕಲಿಲ್ಲ, ಯಂತ್ರ ಕಂಡುಹಿಡಿಯಲಿಲ್ಲ. ತಮ್ಮ ಊರನ್ನು ನೋಡಿದರು, ನೋಡಿದ್ದನ್ನು ಬರೆದಿಟ್ಟರು, ಅಷ್ಟೆ. ಆ ಊರಾದ ಸೆಲ್ಬೋರ್ನ್‌ಗೆ ಹೋಗಿಬರುವ ಅವಕಾಶ ನನಗೆ ಒದಗಿದ್ದರಿಂದ ಅವರ ಬದುಕನ್ನು ಊರಿನ ಜೊತೆಗೇ ಹೇಳುತ್ತೇನೆ.

ಸೆಲ್ಬೋರ್ನ್ ಇರುವುದು ದಕ್ಷಿಣ ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ. ಲಂಡನ್ನಿನಿಂದ ಆಲ್ಟನ್ ಪಟ್ಟಣದವರೆಗೆ ರೈಲು, ಮುಂದೆ ಬಸ್ಸು. ದಾರಿಯ ಸಮೀಪದಲ್ಲೇ ಚಾಟನ್ ಎಂಬ ಹಳ್ಳಿಯಲ್ಲಿ ಕಾದಂಬರಿಗಾರ್ತಿ ಜೇನ್ ಆಸ್ಟಿನ್ 1809ರಿಂದ 1817ರವರೆಗೆ ವಾಸಿಸಿದ್ದ ಮನೆಯಿದೆ. ಹೆಚ್ಚಿನ ಪ್ರವಾಸಿಗರು ಅಲ್ಲಿಗೇ ಇಳಿಯುತ್ತಾರೆ. ಸೆಲ್ಬೋರ್ನ್‌ನಲ್ಲಿ ಒಂದು ಮುಖ್ಯ ಬೀದಿ, ಪ್ಲೆಸ್ಟರ್ ಎಂದು ಕರೆಯುವ ಸಣ್ಣ ಬಯಲು, ಅದರಾಚೆ ಹಳೆಯ ಚರ್ಚು. ಬೀದಿಯ ಹಿಂದೆಯೇ ಬೀಚ್ ಮರಗಳಿಂದ ತುಂಬಿದ ಕಡಿದಾದ ಗುಡ್ಡ.

ವೈಟ್ ಹುಟ್ಟಿದ್ದು 1720ರ ಜುಲೈ 18ರಂದು, ಇದೇ ಊರಿನ ಪಾದ್ರಿಯಾಗಿದ್ದ ತಾತನ ಮನೆಯಲ್ಲಿ. ಆಕ್ಸ್‌ಫರ್ಡಿನ ಓರಿಯಲ್ ಕಾಲೇಜಿನಲ್ಲಿ ಓದಿ 1744ರಲ್ಲಿ ಅಲ್ಲಿಯ ಫೆಲೋ ಆದರು. ಆದರೆ ಸೆಲ್ಬೋರ್ನ್ ಚರ್ಚಿಗೆ ಪಾದ್ರಿಯನ್ನು ನೇಮಿಸುವ ಹಕ್ಕು ಇದ್ದದ್ದು ಮ್ಯಾಗ್ಡಲೆನ್ ಕಾಲೇಜಿಗೆ. ಹಾಗಾಗಿ ಹುಟ್ಟೂರಿನ ಪೂರ್ಣ ಪಾದ್ರಿಯಾಗುವ ಯೋಗ ಅವರಿಗೆ ಬರಲೇ ಇಲ್ಲ. ಬೇರೆ ಊರುಗಳ ಹೆಚ್ಚಿನ ಹುದ್ದೆಯನ್ನು ಬಿಟ್ಟು, ಸಹಾಯಕ ಪಾದ್ರಿಯ ಕೆಲಸ ಮಾಡಿಕೊಂಡು ಇಲ್ಲೇ ಉಳಿದರು. ಮದುವೆಯಾಗಲಿಲ್ಲ. ಗಾಡಿಯಲ್ಲಿ ಕುಳಿತರೆ ಹೊಟ್ಟೆ ತೊಳಸುತ್ತಿದ್ದುದೂ ಊರು ಬಿಡದಿರಲು ಒಂದು ಕಾರಣವಿದ್ದೀತು.

ದಿ ವೇಕ್ಸ್ ಎಂಬ ಅವರ ಮನೆ ಈಗ ವಸ್ತುಸಂಗ್ರಹಾಲಯ. ಅದಕ್ಕಿಂತ ಗುಡ್ಡ ಹತ್ತುವ ದಾರಿಯೇ ನನಗೆ ಹೆಚ್ಚು ಹೇಳಿತು. 1753ರಲ್ಲಿ ತಮ್ಮ ಜಾನ್ ಜೊತೆ ಸೇರಿ ವೈಟ್ ಕಡಿಸಿದ ಅಂಕುಡೊಂಕು ದಾರಿ ಅದು; ಇಂದಿಗೂ ಜನ ಅದರಲ್ಲೇ ಹತ್ತುತ್ತಾರೆ. ಗುಡ್ಡವೆಲ್ಲ ಸೀಮೆಸುಣ್ಣದ ಕಲ್ಲು. ದಿನವೂ ಕೈಯಲ್ಲಿ ಸೀಮೆಸುಣ್ಣ ಹಿಡಿಯುವ ನಮಗೆ ಅದರ ಮೇಲೆ ಜಾರುತ್ತಾ ನಡೆಯುವುದು ಬೇರೆಯೇ ಅನುಭವ.

1751ರಲ್ಲಿ ವೈಟ್ ತೋಟದ ದಿನಚರಿ ಬರೆಯತೊಡಗಿದರು: ಯಾವ ಬೀಜ ಎಂದು ಬಿತ್ತಿದೆ, ಎಂದು ಮೊಳೆಯಿತು. 1768ರಿಂದ ಡೇನ್ಸ್ ಬ್ಯಾರಿಂಗ್ಟನ್ ಎಂಬವರು ರೂಪಿಸಿದ ಅಚ್ಚಾದ ನಮೂನೆ ಕೈಸೇರಿತು. ವಾರಕ್ಕೊಂದು ಪುಟ, ವಾಯುಭಾರ, ಉಷ್ಣತೆ, ಗಾಳಿ, ಮಳೆ, ಮೊದಲು ಅರಳಿದ ಹೂ, ಮೊದಲು ಕಂಡ ಹಕ್ಕಿ ಹೀಗೆ ಕಾಲಂಗಳು. ನಮ್ಮ ಪಾಠವೀಕ್ಷಣಾ ಪುಸ್ತಕದ ಹಾಗೆಯೇ ಎನ್ನಿ. ವ್ಯತ್ಯಾಸವೆಂದರೆ, ತಪಾಸಣೆಯ ಹಿಂದಿನ ರಾತ್ರಿ ಕುಳಿತು ಅವರು ಅದನ್ನು ತುಂಬಲಿಲ್ಲ. ಸಾಯುವ ತಿಂಗಳವರೆಗೆ, ಇಪ್ಪತ್ತೈದು ವರ್ಷ ನಡೆಸಿದರು. ಹೇಳಲು ಏನೂ ಇಲ್ಲದ ದಿನ ಕಾಲಂ ಖಾಲಿ ಬಿಟ್ಟರು. ಇದನ್ನು ನಾನು ತರಗತಿಯಲ್ಲಿ ಒತ್ತಿ ಹೇಳುತ್ತೇನೆ.

ಇದರಿಂದ ದೊರೆತ ಫಲ ಸಣ್ಣದಲ್ಲ. ನೋಡಲು ಹೆಚ್ಚುಕಡಿಮೆ ಒಂದೇ ತರಹ ಇರುವ, ಎಲೆಗಳ ನಡುವೆ ಹಾರಾಡುವ ಪುಟ್ಟ ಹಕ್ಕಿಗಳು ಮೂರು ಬೇರೆ ಜಾತಿಯವು ಎಂದು ಅವರು ಹಾಡು ಕೇಳಿಯೇ ಬೇರ್ಪಡಿಸಿದರು. ಜೇನುನೊಣಗಳಿಗೆ ಕಿವಿ ಕೇಳುತ್ತದೆಯೇ ಎಂದು ತಿಳಿಯಲು ಗೂಡಿನ ಬಳಿ ದೊಡ್ಡ ಕಹಳೆಯಲ್ಲಿ ಕೂಗಿದರು. ನೊಣಗಳು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದವು. ರೈತರು ಹಗೆ ಎಂದುಕೊಂಡಿದ್ದ ಎರೆಹುಳು ಮಣ್ಣಿಗೆ ಎಷ್ಟು ಉಪಕಾರಿ ಎಂದು ಡಾರ್ವಿನ್‌ಗಿಂತ ನೂರು ವರ್ಷ ಮೊದಲೇ ಬರೆದರು. 1784ರ ಡಿಸೆಂಬರಿನ ಕಡುಚಳಿಯಲ್ಲಿ ಎತ್ತರದ ನೆರೆ ಊರಾದ ನ್ಯೂಟನ್‌ಗೆ ಒಂದು ಉಷ್ಣತಾಮಾಪಕ ಕಳಿಸಿದರು. ಮೇಲೆ ಚಳಿ ಹೆಚ್ಚಿರುತ್ತದೆಂಬುದು ಅವರ ಊಹೆ. ಓದಿದ ಅಂಕಿ ಅದಕ್ಕೆ ತಿರುಗುಮುರುಗು: ತಗ್ಗಿನಲ್ಲಿದ್ದ ಸೆಲ್ಬೋರ್ನ್‌ನಲ್ಲೇ ಚಳಿ ಹೆಚ್ಚು. ತಣ್ಣನೆಯ ಗಾಳಿ ಭಾರವಾಗಿ ಕಣಿವೆಗೆ ಇಳಿಯುತ್ತದೆಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಬೇಕೇ?

ಇನ್ನೊಂದು ವಿಷಯದಲ್ಲಿ ಅವರ ಊಹೆಯೇ ಅವರನ್ನು ಬಿಡಲಿಲ್ಲ. ಕೆಲವು ಕವಲುತೋಕೆ ಹಕ್ಕಿಗಳು ಚಳಿಗಾಲದಲ್ಲಿ ದೂರ ಹೋಗದೆ ಹತ್ತಿರವೇ ಎಲ್ಲೋ ಅಡಗಿ ನಿದ್ರಿಸುತ್ತವೆ ಎಂದು ಅವರಿಗೆ ಆಸೆ. ಜಿಬ್ರಾಲ್ಟರ್‌ನಲ್ಲಿದ್ದ ತಮ್ಮ ಜಾನ್, ಅವು ಸಮುದ್ರ ದಾಟುವುದನ್ನು ಕಂಡು ತಿಳಿಸಿದ್ದ. ಆದರೂ ವೈಟ್ ಕೂಲಿಗಳಿಂದ ಗುಡ್ಡದ ಪೊದೆಗಳನ್ನೂ ಪೊಟರೆಗಳನ್ನೂ ಹುಡುಕಿಸಿದರು. ಒಂದು ಹಕ್ಕಿಯೂ ಸಿಗಲಿಲ್ಲ. ಸಿಗಲಿಲ್ಲವೆಂಬುದನ್ನೂ ಬರೆದಿಟ್ಟರು. ಅವರ ಬಗ್ಗೆ ನನ್ನ ಗೌರವ ಹೆಚ್ಚಿದ್ದು ಮೂರು ಹಕ್ಕಿಗಳ ಶೋಧಕ್ಕಿಂತ ಈ ಬರಹದಿಂದ.

ಗೆಳೆಯರಿಗೆ ಬರೆದ ಪತ್ರಗಳ ರೂಪದಲ್ಲಿ ಸೆಲ್ಬೋರ್ನ್‌ನ ನಿಸರ್ಗ ಚರಿತ್ರೆ ಎಂಬ ಅವರ ಗ್ರಂಥ 1789ರ ಮುದ್ರಣವರ್ಷ ಹೊತ್ತು ಹೊರಬಂತು. ಅದರಲ್ಲಿ ಬರುವ ಟಿಮೊಥಿ ಎಂಬ ಆಮೆ ಅವರ ಸೋದರತ್ತೆಯದು. ಆಕೆ ತೀರಿಕೊಂಡ ಮೇಲೆ 1780ರಲ್ಲಿ ಸಸೆಕ್ಸ್‌ನಿಂದ ಗಾಡಿಯಲ್ಲಿ ತಂದು ತೋಟದಲ್ಲಿ ಬಿಟ್ಟರು. ಗಂಡು ಹೆಸರಿನ ಆ ಆಮೆ ಹೆಣ್ಣೆಂದು ತಿಳಿದದ್ದು ಅದು ಸತ್ತ ಮೇಲೆ, ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿರುವ ಚಿಪ್ಪಿನಿಂದ.

ಚರ್ಚಿನ ಅಂಗಳದಲ್ಲಿ ವೈಟ್ 23 ಅಡಿ ಸುತ್ತಳತೆಯೆಂದು ಅಳೆದಿದ್ದ ಯೂ ಮರ 1990ರ ಜನವರಿಯ ಬಿರುಗಾಳಿಗೆ ಉರುಳಿತು; ಬೊಡ್ಡೆ ಉಳಿದಿದೆ. ಅವರ ಸಮಾಧಿಗೆ ನೆಟ್ಟಿರುವುದು ಹುಲ್ಲಿನ ನಡುವಿನ ಒಂದು ಗಿಡ್ಡ ಕಲ್ಲು. ಅದರ ಮೇಲೆ ಜಿ. ಡಬ್ಲ್ಯು. ಎಂಬ ಎರಡು ಅಕ್ಷರ ಮತ್ತು 1793ರ ಜೂನ್ 26ರ ದಿನಾಂಕ.